ರೆಕ್ಕೆಯ ಜಿಂಕೆ

ಬೊಗುಮಿಲ್ ಬೇಟೆಗಾರರೇ,

ಪಶುವೈದ್ಯರ ಕಚೇರಿಯಿಂದ ಫೋನ್ ಬಂದಿತ್ತು. "ನಿಮ್ಮ ಯಜಮಾನ್ರು ಹೊಡೆದ ಜಿಂಕೆಗೆ ರೆಕ್ಕೆ ಇತ್ತೇನಮ್ಮ?" ಅಂತ ನಕ್ಕರು.

ನಮ್ಮ ಕರುಗಳಿಗೆ ವೈರಸ್ ಅಂಟಿಸಿದ್ದು ಜಿಂಕೆಗಳೇ ಅಂತ ಊರೆಲ್ಲ ಡಂಗುರ ಸಾರಿ, ಪರೀಕ್ಷೆಗೆ ನೀವು ಕಳಿಸಿದ್ದು ಸಾರಿಗೆ ಅಂತ ನಾನು ಫ್ರಿಜ್ಜಿನಲ್ಲಿಟ್ಟಿದ್ದ ಬಾತುಕೋಳಿ ರಕ್ತ! ಉಳಿದ ಬೇಟೆಗಾರರು ರಕ್ತ ಕಳಿಸಿದ ಹನ್ನೊಂದು ಜಿಂಕೆಗಳಲ್ಲೂ ಆ ರೋಗದ ಸುಳಿವಿಲ್ಲವಂತೆ. ಮಧ್ಯಾಹ್ನ ನಮ್ಮ ದನಗಳ ರಕ್ತ ತೆಗೆಯೋಕೆ ಬರ್ತಾರೆ. ನೀವು ಸಂತೆಯಲ್ಲಿ ಅಗ್ಗಕ್ಕೆ ತಂದ ಹೋರಿಯನ್ನೇ ಮೊದಲು ಕಟ್ಟಿ ನಿಲ್ಲಿಸಿ.

ಜಿಂಕೆ ರಕ್ತದ ಬಾಟಲಿ ಫ್ರಿಜ್ಜಿನಲ್ಲೇ ಉಳಿದಿತ್ತು. ಭಾನುವಾರ ನಾನು ಬಾತಿನ ರಕ್ತ ಅಂದುಕೊಂಡು ಸಾರು ಮಾಡಿದ್ದು ಅದರಲ್ಲೇ. ನಿಮ್ಮಮ್ಮ ಎರಡು ಬಟ್ಟಲು ಕುಡಿದು, "ಈ ಸಲ ಬಾತು ರುಚಿಯಾಗಿದೆ ಕಣೇ" ಅಂದ್ರಲ್ಲ, ಹದಿನೆಂಟು ವರ್ಷದಲ್ಲಿ ಅದೇ ಮೊದಲ ಹೊಗಳಿಕೆ. ಅವರ ಹತ್ತಿರ ಬಾಯಿ ಬಿಟ್ಟೀರೋ, ಮುಂದಿನ ಸಾರು ನಿಮ್ಮ ರಕ್ತದ್ದೇ.

ಓತಿಲಿಯಾ