ಜಮಾದಾರರು ಬೇಲಿ ಹಾರಿದ್ದು

೬ ಫೆಬ್ರುವರಿ ೧೯೭೨, ಮುಂಜಾನೆ. ಹುಮನಾಬಾದ್

ಇಂದೂ ಹಾರಲಿಲ್ಲ.

ಕೆನೆ ಹಚ್ಚಿದ ರೊಟ್ಟಿ ಬೇಲಿಯ ಆಚೆ, ಸರುಬಾಯಿಯ ಕೈಯಲ್ಲಿ. ಜಮಾದಾರರು ಈಚೆ, ನನ್ನ ಕಾಲ ಬಳಿ. ನಡುವೆ ಸೊಂಟದೆತ್ತರ ಜಾಲಿಮುಳ್ಳು. ‘ಜಂಪ್!’ ಎಂದೆ. ಜಮಾದಾರರು ಬೇಲಿ ನೋಡಿದರು. ನನ್ನನ್ನು ನೋಡಿದರು. ಕಿವಿ ಕೆರೆದುಕೊಂಡು ಕೂತರು.

“ನೀನೇ ಒಮ್ಮಿ ಹಾರಿ ತೋರಿಸೋ, ದಿಗ್ಯಾ” ಎಂದಳು ಸರು.

ಗುರುವಾದವನು ಹಾರುವುದಿಲ್ಲ, ಹಾರಿಸುತ್ತಾನೆ. ಮೇಲಾಗಿ ಪ್ಯಾಂಟು ಹೊಸದು.

ಈ ಬೇಲಿ ಎದ್ದದ್ದೇ ನನ್ನಿಂದ. ಸರುವಿನ ಅಪ್ಪ ಮಹಾರುದ್ರಪ್ಪ ಕಾಕಾರ ಎತ್ತಿಗೆ ಸಂಕ್ರಾಂತಿಯ ದಿನ ಅವರದೇ ರುಮಾಲು ಸುತ್ತಿ ಬಿಟ್ಟಿದ್ದೆ. ಬಜಾರಿನಲ್ಲಿ ಇಬ್ಬರು ಆ ಎತ್ತಿಗೆ ಶರಣೆಂದರಂತೆ. ಮರುದಿನವೇ ಎರಡು ಮನೆಗಳ ನಡುವೆ ಮುಳ್ಳು. “ದಿಗಂಬರ ಈ ಅಂಗಳದಾಗ ಕಾಲಿಟ್ರ ಕಾಲು ಮುರೀತೀನಿ” ಎಂದು ಆಜ್ಞೆ. ಆಜ್ಞೆಯಲ್ಲಿ ನಾಯಿಯ ಪ್ರಸ್ತಾಪವಿಲ್ಲ. ಆದ್ದರಿಂದ ನನ್ನ ಪ್ರತಿನಿಧಿಯಾಗಿ ಜಮಾದಾರರು ಆ ನೆಲದ ಮೇಲೆ ಕಾಲಿಡತಕ್ಕದ್ದು. ಇದು ನನ್ನ ಪಣ.

೯ ಫೆಬ್ರುವರಿ

ಸೈಕಲ್ ಅಂಗಡಿಯ ಗೌಸನ ಮೇಲೆ ಜಗಳಕ್ಕೆ ಹೋದೆ. ಮರಿ ಕೊಟ್ಟವನು ಅವನೇ. “ಇದರಪ್ಪ ಪೊಲೀಸ್ ಖಾತೆದಾಗಿದ್ದ” ಎಂದು ಆಣೆ ಮಾಡಿದ್ದ. ಹೆಸರು ಹಾಗೆ ಬಂದದ್ದು.

“ಹೌದಲ್ಲೇನು? ಠಾಣೇ ಮುಂದ ಮಲಗ್ತಿತ್ತು” ಎಂದ ಗೌಸ, ಪಂಚರ್ ಒತ್ತುತ್ತ. “ಅರೆ ಮಿಯಾ, ನಾಯಿ ಕೇಳಿದಿ, ಕೊಟ್ಟೆ. ಕುದುರಿ ಕೇಳಿದ್ಯೇನು?”

ಬೇಲಿಯ ಒಂದು ಕಡೆ ಮುಳ್ಳು ಕಿತ್ತು ಮೊಳಕಾಲೆತ್ತರ ಮಾಡಿದೆ. ಜಮಾದಾರರು ಮುಂಗಾಲು ಇಟ್ಟು, ಹಾಗೇ ಚಿಂತನೆಗೆ ಇಳಿದರು. ಕೊನೆಗೆ ಬೀದಿ ಸುತ್ತಿ, ಕಾಕಾರ ಮುಂಬಾಗಿಲಿನಿಂದ ಹೋಗಿ, ರೊಟ್ಟಿ ತಿಂದು, ಅದೇ ದಾರಿಯಲ್ಲಿ ಬಂದರು. ಸರು ನಕ್ಕು ನಕ್ಕು ಕೂತೇಬಿಟ್ಟಳು.

“ನಿನಗಿಂತ ಬುದ್ಧಿ ಅದ ಅದಕ್ಕ.”

ದಿಗ್ಭ್ರಮೆ.

೧೭ ಫೆಬ್ರುವರಿ

ಎಂಟು ದಿನ ಬರೆಯಲಿಲ್ಲ. ಮುಳ್ಳು ಕಿತ್ತ ಕಡೆ ಕಾಕಾ ಮರುದಿನವೇ ಮತ್ತೆ ತುಂಬಿದರು. ಜಮಾದಾರರ ಬಗ್ಗೆ ಬರೆಯಲು ಏನಿತ್ತು? ಕೂತರು. ಮಲಗಿದರು. ಕೂತರು.

ಇಂದು ಸರು ರೊಟ್ಟಿ ತರಲಿಲ್ಲ. ಬರಿಗೈಯಲ್ಲಿ ಬಂದು ಬೇಲಿಯ ಆಚೆ ನಿಂತಳು. ಬಸವಕಲ್ಯಾಣದ ದೇವಿಂದ್ರಪ್ಪನವರ ಮನೆಯಿಂದ ಸಂಬಂಧ ಬಂದಿದೆ. ಹುಡುಗ ಮೇಷ್ಟ್ರು. ಇವಳು ಟೀಚರ್ ಟ್ರೇನಿಂಗ್ ಮುಗಿಸಿಯೇ ಬರಲಿ ಎಂದಿದ್ದಾನಂತೆ. ಇದುವರೆಗೆ ಬಂದವರೆಲ್ಲ ಓದು ನಿಲ್ಲಿಸು ಎಂದವರೇ.

“ಇಪ್ಪತ್ತೇಳಕ್ಕ ಅಡಿಕಿ ಕಡಿಯೋ ಶಾಸ್ತ್ರ. ಇಂಥ ಮನಿ ಮತ್ತ ಸಿಗಂಗಿಲ್ಲೋ. ಅಂದು ಒಂದು ದಿನ, ಕೈ ಮುಗೀತೀನಿ, ಏನೂ ಚೇಷ್ಟಿ ಮಾಡಬ್ಯಾಡ.”

ಮಾಣಿಕಪ್ರಭುಗಳ ಆಣೆ, ಮಾಡುವುದಿಲ್ಲ ಎಂದೆ. ಈ ಶಾಸ್ತ್ರ ನಮ್ಮ ಹಿರಿಯರಲ್ಲಿ ಕಠಿಣ. ಇಬ್ಬರು ಬೀಗರೂ ಜನರ ಎದುರು ಅಡಿಕೆ ಹೋಳು ಕಡಿಯಬೇಕು. ಕಡಿದರೆ ಮಾತು ಪಕ್ಕಾ. ಬಾಯಿಗೆ ಹಾಕದೆ ಕೂತರೆ ‘ನಮಗೆ ಮನಸ್ಸಿಲ್ಲ’ ಎಂದರ್ಥ. ಕೊಡಂಬಲದಲ್ಲಿ ಒಬ್ಬರು ಕೆಮ್ಮು ಬಂದು ಉಗುಳಿದ್ದಕ್ಕೇ ಸಂಬಂಧ ಮುರಿದಿತ್ತು.

೨೭ ಫೆಬ್ರುವರಿ, ಮುಂಜಾನೆ ಏಳು

ಹಾರಿದರು!! ಜಮಾದಾರರು ಹಾರಿದರು!!

ಬೇವಿನ ಕಡ್ಡಿ ಬಾಯಲ್ಲಿಟ್ಟು ನಿಂತಿದ್ದೆ. ಜಂಪ್ ಎನ್ನಲಿಲ್ಲ, ರೊಟ್ಟಿ ತೋರಿಸಲಿಲ್ಲ. ಆಚೆಯಿಂದ ಹೂವಿನಂತೆ ತೇಲಿ ಬಂದು ನನ್ನ ಮುಂದೆ ಇಳಿದರು. ಹಾಗಾದರೆ ಹೋಗುವಾಗಲೂ ಹಾರಿಯೇ ಹೋಗಿದ್ದಾರೆ. ಬಾಯಲ್ಲಿ ಬೆಳ್ಳಗೆ ಏನೋ. ಶಾಸ್ತ್ರದ ಮನೆ, ಕೊಬ್ಬರಿ ಬಟ್ಟಲಿರಬೇಕು. ಶಾಭಾಷ್ ಎಂದೆ, ಬೆಲ್ಲ ಕೊಟ್ಟೆ. ಬೆಲ್ಲ ತಿಂದು, ಕೊಬ್ಬರಿ ಎತ್ತಿಕೊಂಡು ನಮ್ಮ ಜೋಳದ ಕಣಿಕೆ ಬಣವೆಯೊಳಗೆ ಹೋಗಿ ಮುಚ್ಚಿಟ್ಟು ಬಂದರು. ಉಳಿತಾಯದ ಬುದ್ಧಿಯೂ ಇದೆ.

ಅವ್ವನಿಗೆ ಕೂಗಿ ಹೇಳಿದೆ. “ನಾಯಿ ಹಾರಿತು, ನೀ ಯಾವಾಗ ಉದ್ಧಾರ ಆಗ್ತಿ?” ಎಂದಳು.

ಅಂದೇ, ಒಂಬತ್ತು

ಬೀಗರು ಬಂದಿಳಿದರು. ಚಪ್ಪರದ ಕೆಳಗೆ ಜಮಖಾನೆ ಹಾಸಿದ್ದಾರೆ. ನಾನು ಸಭ್ಯನಂತೆ ನಮ್ಮ ಅಂಗಳದಲ್ಲೇ.

ಸರು ಬೇಲಿಗೆ ಓಡಿ ಬಂದಳು. ಹೊಸ ಸೀರೆ, ಕಣ್ಣು ತುಂಬ ನೀರು.

“ಅಪ್ಪ ಮುಂಜಾನಿಂದ ಬಾಯಿ ತೆರದಿಲ್ಲೋ. ಮೌನ ಹಿಡದೀನಿ ಅಂತ ಪಾಟಿ ಮ್ಯಾಲ ಬರದು ತೋರಸ್ತಾನ. ಅಡಿಕಿ ಹ್ಯಾಂಗ ಕಡೀತಾನ? ಅವರು ಆಗಲೇ ಮಾರಿ ಮಾರಿ ನೋಡಾಕತ್ತಾರ. ಅಪ್ಪಗ ಈ ಮನಿ ಬ್ಯಾಡಾಗೇದೇನೋ…”

ಅವಳು ಹೋದ ಮೇಲೆ ಮುಳ್ಳಿನ ಸಂದಿಯಲ್ಲಿ ಇಣುಕಿದೆ. ಕಾಕಾ ಒಬ್ಬರೇ ಹಿತ್ತಲ ಬಚ್ಚಲಲ್ಲಿ. ಚೆಂಬು ಬೋರಲು ಹಾಕಿ ನೋಡಿದರು. ಹಂಡೆಯ ಹಿಂದೆ ನೋಡಿದರು. ಬಾಯಿಗೆ ಹಿಡಿದ ಟವೆಲ್ ಜಾರಿತು. ಮುಖ… ಆ ಮುಖ ನಾನು ಕಂಡದ್ದಲ್ಲ. ಗಲ್ಲ ಒಳಗೆ ಹೋಗಿ, ಗದ್ದ ಮೂಗಿಗೆ ತಾಗುವಷ್ಟು ಮೇಲೆ.

ಹಲ್ಲಿಲ್ಲ. ಒಂದೂ ಇಲ್ಲ.

ಕೊಬ್ಬರಿ ಬಟ್ಟಲು!

ಅಂದೇ, ಮಧ್ಯಾಹ್ನ

ಆದದ್ದನ್ನು ಆದ ಹಾಗೆ ಬರೆಯುತ್ತೇನೆ.

ಬಣವೆ ಕೆದರಿದೆ. ಸಿಕ್ಕವು. ಮೇಲಿನ ಸಾಲು, ಕೆಳಗಿನ ಸಾಲು, ಗುಲಾಬಿ ವಸಡು ಸಮೇತ, ನನ್ನನ್ನೇ ನೋಡಿ ನಗುವಂತೆ. ಬಿಸಿ ನೀರಲ್ಲಿ ತಿಕ್ಕಿ ತಿಕ್ಕಿ ತೊಳೆದೆ. ಒಯ್ಯುವುದು ಹೇಗೆ? ಮುಂಬಾಗಿಲಲ್ಲಿ ಬೀಗರು. ಸರುವಿನ ಕೈಗೆ ಕೊಡೋಣವೆಂದರೆ ಅವಳಿಗೇ ಗೊತ್ತಿಲ್ಲ, ಅಪ್ಪ ಅವಳಿಂದಲೂ ಮುಚ್ಚಿಟ್ಟದ್ದು. ಉಳಿದದ್ದು ಬೇಲಿ. ನಾನು ನಿಂತೆ. ಬೇಲಿಯನ್ನು ನೋಡಿದೆ. ಜಮಾದಾರರನ್ನು ನೋಡಿದೆ. ಅವರು ಹಾರಿ ಆಚೆ ಇಳಿದು, ತಿರುಗಿ ನಿಂತು ಬಾಲ ಆಡಿಸಿದರು.

ಹಾರಿದೆ. ಪ್ಯಾಂಟಿನ ಅರ್ಧ ಬೇಲಿಯಲ್ಲೇ ಉಳಿಯಿತು.

ಬಚ್ಚಲ ಬಾಗಿಲಲ್ಲಿ ಕಾಕಾ. ಮುತ್ತುಗದ ಎಲೆಯ ಪೊಟ್ಟಣ ಚಾಚಿದೆ. ಬಿಚ್ಚಿದರು. ಕಾಲು ಮುರಿಯುತ್ತಾರೆ ಎಂದು ಕಣ್ಣು ಮುಚ್ಚಿದೆ. ಏನೂ ಆಗಲಿಲ್ಲ. ಕಣ್ಣು ತೆರೆದರೆ ಅವರು ಗೋಡೆಯ ಕಡೆ ತಿರುಗಿದ್ದರು. ಮತ್ತೆ ಈ ಕಡೆ ತಿರುಗಿದಾಗ ಹಳೆಯ ಕಾಕಾ.

“ನಾಯಿ?”

“ಹೌದ್ರಿ.”

“ಸರೂಗ ಗೊತ್ತೇನು?”

“ಇಲ್ರಿ. ಯಾರಿಗೂ ಗೊತ್ತಿಲ್ರಿ.”

“ಸರೂನ ಅವ್ವಗೂ, ಆಕಿ ಸಾಯೂತನಕಾ, ತೋರಿಸಿದ್ದಿಲ್ಲ” ಎಂದರು. ತಣ್ಣಗೆ. “ನಾಳಿಗೆ ಊರ ತುಂಬ ನಗತೀ ಏನು?”

ಒಂದು ಚೇಷ್ಟೆಯೂ ನಾಲಿಗೆಗೆ ಬರಲಿಲ್ಲ. ಇಲ್ರಿ ಎಂದೆ. ನನ್ನ ದನಿ ನನಗೇ ಯಾರದ್ದೋ ಅನ್ನಿಸಿತು.

ಹೋದರು. ನಾನು ಹಂಡೆಯ ಹಿಂದೆ ಕೂತು ಕೇಳಿದೆ. ಚಪ್ಪರವೆಲ್ಲ ಸುಮ್ಮನೆ. ಆಮೇಲೆ… ಕಟಕ್! ಅಷ್ಟು ಇಂಪಾದ ಸದ್ದು ಈ ಜನ್ಮದಲ್ಲಿ ಕೇಳಿಲ್ಲ. ಬಾಗಿಲ ಸಂದಿಯಲ್ಲಿ ನೋಡಿದೆ. ಬೀಗರು ದೇವಿಂದ್ರಪ್ಪನವರು ಅಡಿಕೆ ಬಾಯಿಗೆ ಹಾಕಿ, ಗಲ್ಲಕ್ಕೆ ಒತ್ತಿ, ಕೈ ಅಡ್ಡ ಹಿಡಿದು “ಆತು, ಆತು, ಪಕ್ಕಾ ಆತು” ಎಂದರು. ಆ ಕಡೆಯ ಕಟಕ್ ಕೇಳಿಸಲಿಲ್ಲ. ಹೆಂಗಸರ ಗದ್ದಲವಿತ್ತು.

ಸರು ನಕ್ಕಳು. ನಾನು ಆ ಗದ್ದಲದಲ್ಲೇ ಮುಂಬಾಗಿಲಿನಿಂದ ನುಸುಳಿ, ಅರ್ಧ ಪ್ಯಾಂಟಿನಲ್ಲಿ ಬೀದಿ ಸುತ್ತಿ ಮನೆ ಸೇರಿದೆ.

೨೮ ಫೆಬ್ರುವರಿ, ಮುಂಜಾನೆ

ನಿನ್ನೆ ಬಸವಕಲ್ಯಾಣದ ಬಸ್ಸು ತುಂಬಿ ಬಂತಂತೆ. ಬೀಗರು ಉಳಿದಿದ್ದಾರೆ.

ಬೆಳಿಗ್ಗೆ ಕಾಕಾ ತಾವೇ ಬೇಲಿಗೆ ಬಂದರು. “ಹೋಳಿಗಿ ಮಾಡ್ಯಾರ. ಬಾ. ಮುಂಬಾಗಿಲಿನಿಂದ ಬಾ” ಎಂದರು. ನಕ್ಕರು. ಎಲ್ಲ ಹಲ್ಲೂ ಕಾಣುವಂತೆ. ಈಗಲೂ ಅಲ್ಲೇ ನಿಂತು ಎತ್ತಿನ ಮೈ ತಿಕ್ಕುತ್ತ ಏನೋ ಗುನುಗುತ್ತಿದ್ದಾರೆ. ಜಮಾದಾರರ ಶಿಕ್ಷಣ ಇಂದಿಗೆ ಸಂಪೂರ್ಣವಾಯಿತೆಂದು ಈ ಮೂಲಕ ದಾಖಲಿಸುತ್ತೇ—

ಹಾರಿ ಬಂದರು. ಇದೀಗ. ಬಾಯಲ್ಲಿ ಮತ್ತೆ ಬೆಳ್ಳಗೆ…

ಹಲ್ಲು!

ಕಾಕಾರವು ಕಾಕಾರ ಬಾಯಲ್ಲೇ ಇವೆ. ಕಾಣುತ್ತಿವೆ. ಹಾಗಾದರೆ ಇವು…

ಕಾಕಾರ ಬಚ್ಚಲಲ್ಲಿ ಬೀಗರು ದೇವಿಂದ್ರಪ್ಪನವರು. ಟವೆಲ್ ಬಾಯಿಗೆ ಹಿಡಿದು, ಚೆಂಬು ಬೋರಲು ಹಾಕಿ, ಹಂಡೆಯ ಹಿಂದೆ ಏನೋ ಹುಡುಕು—