ಏದುಸಿರಿಲ್ಲದ ವಾಕ್ಯ

ಗದಗ, ೨೧೭೪, ಮಾಘ ಮಾಸದ ಒಂಬತ್ತು

ನೂರೈವತ್ತು ವರ್ಷ ಹಿಂದೆ ಇರುವ ನಿಮಗೆ,

ಇಂದು ಬೆಳಿಗ್ಗೆ ಅವ್ವ ಫೋನಿನಲ್ಲಿ ಮಾತನಾಡುವಾಗ ಒಂದು ವಾಕ್ಯದಲ್ಲಿ ಮಾತ್ರ ಅವಳ ಏದುಸಿರು ಕೇಳಲಿಲ್ಲ. ದಮ್ಮಿನ ರೋಗದವಳು, ನಾಲ್ಕು ಮಾತಿಗೊಮ್ಮೆ ನಿಲ್ಲುತ್ತಾಳೆ. ಆದರೆ "ಬರೇ ಚಾ ಕುಡಿದು ಓಡಬ್ಯಾಡವಾ, ಏನರ ತಿಂದು ಹೋಗು" ಎಂದದ್ದು ಒಂದೇ ಉಸಿರಿಗೆ. ಅಂದರೆ ಅದು ತುಂಬುನುಡಿ.

ಈ ಶಬ್ದ ನಿಮಗೆ ವಿಚಿತ್ರವೆನಿಸಿದರೆ ಕ್ಷಮಿಸಿ. ಊರ ಸುತ್ತ ಗಾಳಿಯಂತ್ರಗಳು ದಟ್ಟವಾದ ಮೇಲೆ ಇಲ್ಲಿ ದಿನಕ್ಕೆ ಐವತ್ತು ಸಲ ಲೈನ್ ಕಡಿಯುತ್ತದೆ. ಆಗ ನಾವು ಏನು ಹೇಳುತ್ತಿದ್ದೆವೋ ಅದನ್ನು ಫೋನೇ ಊಹಿಸಿ, ನಮ್ಮದೇ ದನಿಯಲ್ಲಿ ತುಂಬಿ ಕಳಿಸುತ್ತದೆ. ಮೊದಮೊದಲು ಅಂಥ ಮಾತಿಗೆ ಮುಂಚೆ ಸಣ್ಣ ಗಂಟೆ ಸದ್ದು ಬರುತ್ತಿತ್ತಂತೆ. ಕಿರಿಕಿರಿ ಎಂದು ನಮ್ಮ ಅಜ್ಜ ಅಜ್ಜಿಯರೇ ಅರ್ಜಿ ಕೊಟ್ಟು ತೆಗೆಸಿದರು. ನಿಮ್ಮ ಕಾಲದಲ್ಲಿ ಅದು ಬಂದರೆ, ದಯವಿಟ್ಟು ಆ ಸದ್ದನ್ನು ಸಹಿಸಿಕೊಳ್ಳಿ.

ನಾನು ಕನ್ನಡ ಎಂ.ಎ. ಓದಿದವಳು. ನಾಲ್ಕು ಜನರ ಮುಂದೆ ಮಾತನಾಡಿ ಗೊತ್ತಿಲ್ಲ. ಹಾಗಾಗಿ ಪೊಲೀಸರ ಧ್ವನಿ ಕಚೇರಿಯಲ್ಲಿ ಕೇಳುಗಾತಿಯ ಕೆಲಸ ನನಗೆ ಹಿತವಾಗಿತ್ತು. ತುರ್ತು ಕರೆಗಳನ್ನು ಕೇಳಿ, ಬರೆದಿಟ್ಟು, 'ಇದು ಆ ವ್ಯಕ್ತಿಯ ಮಾತೇ' ಎಂದು ಒಪ್ಪಿಗೆ ಕೊಡಬೇಕು. ಕೇಳುಗಾತಿ ಒಪ್ಪದೆ ಯಾವ ಕರೆಯೂ ಸಾಕ್ಷಿಯಾಗದು.

ಈಗ ನನ್ನ ಮುಂದಿರುವುದು ಚನ್ನವೀರಪ್ಪನವರ ಕರೆ. ಮಹಡಿ ಮೆಟ್ಟಿಲಿಂದ ಉರುಳಿದ ಮುದುಕರು ಸಾಯುವ ಮುನ್ನ ಮಾಡಿದ್ದು. "ಬಿದ್ದೇನಿ... ಯಾರರ... ಬರ್ರಿ..." ಎನ್ನುತ್ತಾರೆ, ನರಳುತ್ತಾರೆ. ಆಮೇಲೆ ಎಲ್ಲೂ ತಡವರಿಸದೆ, "ನಮ್ಮ ಸೊಸಿ ನೀಲಾಂಬಿಕಾನ ನನ್ನ ದಬ್ಬಿದ್ಲು." ಮತ್ತೆ ನರಳಿಕೆ. ಆ ಒಂದು ಮಾತಿನಿಂದ ನೀಲಾಂಬಿಕಾ ಜೈಲಿನಲ್ಲಿದ್ದಾಳೆ. ಮುದುಕರ ಹಳೆಯ ಕರೆಗಳನ್ನೂ ತೆಗೆದು ಕೇಳಿದೆ. ದಿನಾ ಮಗಳಿಗೆ ಫೋನ್ ಮಾಡಿ ಸೊಸೆಯನ್ನು ದೂರುತ್ತಿದ್ದರು: ಸಾರಿಗೆ ಉಪ್ಪಿಲ್ಲ, ಬಾಗಿಲು ಧಡಾರನೆ ಹಾಕ್ತಾಳೆ, ಕರೆದರೆ ಓಗೊಡಳು. ಫೋನು ಅದನ್ನೇ ಕಲಿತಿತ್ತು. ನಡುವೆ ಲೈನ್ ಕಡಿದಾಗ, ಕೊನೆಗಳಿಗೆಯಲ್ಲೂ ಅವರು ಅವಳನ್ನೇ ದೂರುತ್ತಾರೆ ಎಂದು ಊಹಿಸಿತು.

ಮಧ್ಯಾಹ್ನ ಧೈರ್ಯ ಮಾಡಿ ನಮ್ಮ ಮೇಲಧಿಕಾರಿ ಬಸಲಿಂಗಪ್ಪನವರಿಗೆ ಇದನ್ನು ಹೇಳಿದೆ. ಅವರು ನಕ್ಕರು.

"ಏನ್ ತಂಗಿ, ಕಾದಂಬರಿ ಬರಿಯಾಕ ಹತ್ತೀಯೇನು? ನಿನ್ನಿ ಫೋನಿನ್ಯಾಗ ನೀನ ಒಪ್ಕೊಂಡೀಯಲ್ಲ!"

ಆ ಕರೆಯನ್ನು ಕೇಳಿಸಿದರು. "ಆತ್ರಿ ಸರ್, ಅದು ಅವರದ ಮಾತ್ರಿ. ನಂದು ಒಪ್ಪಿಗಿ ಐತ್ರಿ." ನನ್ನದೇ ದನಿ, ನನ್ನದೇ ಅಳುಕು. ಆದರೆ ನಾನು ಹಾಗೆ ಹೇಳಿಯೇ ಇಲ್ಲ. 'ಇನ್ನೊಮ್ಮೆ ಕೇಳಬೇಕು' ಎನ್ನುವಷ್ಟರಲ್ಲಿ ಲೈನ್ ಕಡಿದಿತ್ತು. ನಾನು ಎಲ್ಲದಕ್ಕೂ ಹೂಂ ಅನ್ನುವವಳೆಂದು ಫೋನಿಗೆ ಗೊತ್ತಿತ್ತು.

"ಅದು ನಾನಲ್ರಿ ಸರ್" ಎಂದೆ.

"ನಾಳೆ ಹನ್ನೊಂದಕ್ಕ ಕೋರ್ಟ್. ನೀ ಬರದಿದ್ರೂ ನಡೀತದ. ದನಿ ಐತಲ್ಲ" ಎಂದು ಅವರು ಊಟದ ಡಬ್ಬಿ ಬಿಚ್ಚಿದರು.

ಇನ್ನೆಲ್ಲೆಲ್ಲಿ, ಯಾರ್ಯಾರಿಗೆ, ನಾನು ಏನೇನು ಒಪ್ಪಿಕೊಂಡಿದ್ದೇನೋ ಗೊತ್ತಿಲ್ಲ. ಮನೆಯಲ್ಲಿ ಫೋನು ಮೇಜಿನ ಮೇಲೆ ಸುಮ್ಮನಿದೆ. ಅದರತ್ತ ಬೆನ್ನು ಮಾಡಿ ಕೂರಲೂ ಹೆದರಿಕೆ.

ನಾಳೆ ಅದನ್ನು ಇಲ್ಲೇ ಬಿಟ್ಟು ಕೋರ್ಟಿಗೆ ನಡೆದುಹೋಗುತ್ತೇನೆ. ನ್ಯಾಯಾಧೀಶರ ಎದುರು ನಿಂತು, ನೀಲಾಂಬಿಕಾಳಿಗೆ ಕೇಳುವಷ್ಟು ಜೋರಾಗಿ, ಒಪ್ಪಿಗೆ ಇಲ್ಲ ಎನ್ನುತ್ತೇನೆ. ಮಾತು ತೊದಲಿದರೆ ತೊದಲಲಿ.