ಪ್ರತಿಕೃತಿಯ ಎದೆಯ ಮೇಲಿನ ರಟ್ಟು

ಆಗಸ್ಟ್ ೧೨, ಮಂಗಳವಾರ. ಮಧುಗಿರಿ.

ಕೂಸು ಮಲಗಿದೆ, ನನಗೆ ನಿದ್ದೆಯಿಲ್ಲ. ತಲೆಗೂದಲಲ್ಲಿ ಇನ್ನೂ ಪೆಟ್ರೋಲಿನ ವಾಸನೆ.

ಗಾಜಾದ ಮಕ್ಕಳ ಫೋಟೋ ನೋಡಿ, ಹಾಲೂಡಿಸುತ್ತಲೇ ಅತ್ತವಳು ನಾನು. ಅದಕ್ಕೇ ಇವತ್ತಿನ ಪ್ರತಿಭಟನೆಗೆ ಯಜಮಾನರ ಹಳೆಯ ಅಂಗಿಗೆ ಹುಲ್ಲು ತುಂಬಿ ಪ್ರತಿಕೃತಿ ಹೊಲಿದುಕೊಟ್ಟೆ. ಯುದ್ಧ ಮಾಡುತ್ತಿರುವ ಸರ್ಕಾರದ ಹೆಸರು ಬರೆಯುವುದೆಂದು ಮಾತಾಗಿತ್ತು. ಬಸ್ ಸ್ಟ್ಯಾಂಡಿನ ಬಳಿ ನೋಡಿದರೆ ಅದಕ್ಕೆ ಕೊಕ್ಕೆ ಮೂಗು, ಗಡ್ಡ, ಎದೆಯ ಮೇಲೆ ‘ಯಹೂದಿ’ ಎಂದು ಬರೆದ ರಟ್ಟು.

“ಸರ್ಕಾರ ಮಾಡಿದ್ದಕ್ಕೆ ಆ ಜನಾನೆಲ್ಲ ಯಾಕ್ರೀ ಸುಡ್ತೀರಾ? ತೆಗೀರಿ ಅದನ್ನ” ಎಂದೆ.

ಪ್ರತಿಭಟನೆ ಕರೆದಿದ್ದ ನಮ್ಮ ಸಂಘದ ಜಯರಾಮು ನಕ್ಕ. “ಹಿಟ್ಲರು ಅರ್ಧಕ್ಕೇ ಬುಟ್ಟೋದ ಕೆಲ್ಸ ಕಣಕ್ಕ ಇದು. ನೀನ್ಯಾವತ್ತಾರ ಒಬ್ಬ ಯಹೂದಿನ ನೋಡಿದ್ದೀಯಾ?”

“ನೀನ್ ನೋಡಿದ್ದೀಯೇನಪ್ಪಾ?”

ಅವನೊಬ್ಬನನ್ನು ಬಿಟ್ಟು ಎಲ್ಲರೂ ನಕ್ಕರು. ಆ ನಗುವಿನ ಧೈರ್ಯದಲ್ಲಿ ರಟ್ಟನ್ನು ಕಿತ್ತೆ. ಗೆಳತಿ ವನಜಾಕ್ಷಿ ನನ್ನ ಕೈಯಿಂದ ಅದನ್ನು ಕಸಿದುಕೊಂಡಳು. “ಯಾರ ಕಡೆ ನೀನು? ನಾಳೆಯಿಂದ ಬರ್ಬ್ಯಾಡ ಕಣಮ್ಮ” ಎಂದವಳೇ ತಾನೇ ಮತ್ತೆ ಕಟ್ಟಿದಳು.

ಬೆಂಕಿ ಹತ್ತಿದಾಗ ಎಲ್ಲರೂ ಚಪ್ಪಾಳೆ ತಟ್ಟಿದರು. ಸೊಂಟದ ಮೇಲಿದ್ದ ಕೂಸೂ ನಗುತ್ತಾ ತಟ್ಟಿತು. ಅದರ ಕೈಗಳನ್ನು ಎಷ್ಟು ಬಿಗಿಯಾಗಿ ಹಿಡಿದೆನೆಂದರೆ ಅದು ಚೀರಿಕೊಂಡು ಅತ್ತಿತು.

ಗಾಜಾದಲ್ಲಿ ಇವತ್ತೂ ಮಕ್ಕಳು ಸತ್ತಿದ್ದಾರೆ. ನಾಳೆಯೂ ಬೀದಿಗೆ ಇಳಿಯಲೇಬೇಕು. ಆದರೆ ಯಾರ ಪಕ್ಕದಲ್ಲಿ ನಿಂತು ಕೂಗಲಿ?